ಮನೆ ಕೊಳ್ಳುವಾಗ ನೀರಿನ ಮೀಟರು
ಕಾಸರಗೋಡಿನಲ್ಲಿ ಮನೆ ಕೊಳ್ಳುವ ನಾವು ಕ್ರಯಪತ್ರ ಓದಿಸುತ್ತೇವೆ, ಬಾವಿಯನ್ನು ಬಗ್ಗಿ ನೋಡುತ್ತೇವೆ. ಗೇಟಿನ ಬದಿಯ ಮೀಟರನ್ನು ಮರೆಯುತ್ತೇವೆ. ಕೇರಳ ಜಲ ಪ್ರಾಧಿಕಾರದ ಬಿಲ್ಲು ಕಿಲೋಲೀಟರಿನ ಲೆಕ್ಕದ್ದು. ಒಂದು ಕಿಲೋಲೀಟರೆಂದರೆ 1,000 ಲೀಟರು. ಮೀಟರಿನ ಕಪ್ಪು ಅಂಕಿಗಳು ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತವೆ, ಕೆಂಪು ಅಂಕಿಗಳು ಅದರ ಭಿನ್ನಾಂಶವನ್ನು. ತೊಟ್ಟಿ ತುಂಬಿ, ನಲ್ಲಿಗಳೆಲ್ಲವನ್ನೂ ಮುಚ್ಚಿದ ಮೇಲೂ ಒಳಗಿನ ಪುಟ್ಟ ಚಕ್ರ ತಿರುಗುತ್ತಿದ್ದರೆ ಮೀಟರಿನಿಂದ ಮನೆಯವರೆಗೆ ಎಲ್ಲೋ ಸೋರಿಕೆಯಿದೆ. ಅದರ ಹಣ ಇನ್ನು ನಮ್ಮದೇ.

ಹಳೆಯ ಬಾಕಿಯನ್ನು ಮಾರುವವರಿಂದಲೇ ತೀರಿಸಿ, ರಶೀದಿ ಹಾಗೂ ಗ್ರಾಹಕ ಸಂಖ್ಯೆ ಪಡೆದು, ಕ್ರಯದ ದಿನದ ರೀಡಿಂಗಿಗೆ ಇಬ್ಬರೂ ಸಹಿ ಹಾಕಿಡುವುದು ಲೇಸು. ಅನಂತರ ಹೆಸರು ಬದಲಾವಣೆಯ ಅರ್ಜಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿದೆ. ಅರ್ಜಿಯನ್ನು ನಾವು ಕನ್ನಡದಲ್ಲೇ ಬರೆಯುತ್ತೇವೆ. ಉತ್ತರವನ್ನೂ ಕನ್ನಡದಲ್ಲೇ ಕೇಳುತ್ತೇವೆ.