ಹನ್ನೊಂದೂವರೆ ಪೌಂಡಿನ ತಿಂಗಳು

1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟ ಅಂಬೇಡ್ಕರ್ ಅವರಿಗೆ ಬರೋಡಾ ಸಂಸ್ಥಾನ ಕೊಟ್ಟ ವಿದ್ಯಾರ್ಥಿವೇತನ ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷಕ್ಕೆ. ಅಂದಿನ ದರದಲ್ಲಿ ಸುಮಾರು 56 ಡಾಲರ್. ಇದು ಸಾಕಾಗುತ್ತಿತ್ತೇ? ಇನ್ನೊಬ್ಬರ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡದೆ ಹೇಳುವುದು ಕಷ್ಟ. ಹಾಗೆ ಇಟ್ಟು ನೋಡಲು ಗಾಂಧಿಯವರ ಲಂಡನ್ ಲೆಕ್ಕಕ್ಕಿಂತ ವಿವರವಾದದ್ದು ಸಿಗುವುದು ಅಪರೂಪ.

1888ರ ಕೊನೆಗೆ ಲಂಡನ್ನಿಗೆ ಬಂದ ಹತ್ತೊಂಬತ್ತರ ಹುಡುಗ ಮೊದಲು ಖರ್ಚು ಮಾಡಿದ್ದು ‘ಜಂಟಲ್‌ಮನ್’ ಆಗಲು. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಸಂಜೆಯ ಸೂಟು ಹೊಲಿಸಿದರು, ಮೂರು ಪೌಂಡಿಗೆ ಪಿಟೀಲು ಕೊಂಡರು, ನೃತ್ಯದ ಪಾಠಕ್ಕೂ ಸೇರಿದರು. ಆದರೆ ಅವರಿಗೆ ಒಂದು ಅಭ್ಯಾಸವಿತ್ತು: ಬಸ್ಸಿನ ಚಾರ್ಜು, ಅಂಚೆಚೀಟಿ, ಪತ್ರಿಕೆಗೆ ಕೊಟ್ಟ ಚಿಲ್ಲರೆ, ಎಲ್ಲವನ್ನೂ ಬರೆದು ರಾತ್ರಿ ಮಲಗುವ ಮುನ್ನ ತಾಳೆ ನೋಡುವುದು. ಹಣ ಎಲ್ಲಿ ಸೋರುತ್ತಿದೆ ಎಂದು ಆ ಪುಸ್ತಕವೇ ತೋರಿಸಿತು. ಇಂಗ್ಲಿಷ್ ಕುಟುಂಬದ ಜೊತೆ ಇದ್ದರೆ ವಾರದ ಬಿಲ್ಲು ಕಟ್ಟಬೇಕು. ಹೊರಗೆ ಉಂಡು ಬಂದರೂ ಮನೆಯ ಊಟಕ್ಕೆ ದುಡ್ಡು ತಪ್ಪದು. ಮನೆಯವರನ್ನು ಆಗಾಗ ಹೊರಗೆ ಕರೆದೊಯ್ಯುವ ಮರ್ಯಾದೆ ಬೇರೆ. ಅವರು ಪ್ರತ್ಯೇಕವಾಗಿ ಎರಡು ಕೋಣೆ ಹಿಡಿದರು. ಕೊಳೆಗೇರಿಯಲ್ಲಿ ವಾರಕ್ಕೆ ಎರಡು ಶಿಲಿಂಗ್ ಬಾಡಿಗೆಯ ಕೋಣೆಯಲ್ಲಿದ್ದು, ಎರಡು ಪೆನ್ಸಿನ ಕೋಕೋ ಮತ್ತು ಬ್ರೆಡ್ಡಿನಲ್ಲಿ ಊಟ ಮುಗಿಸುವ ಬಡ ವಿದ್ಯಾರ್ಥಿಯೊಬ್ಬನ ವಿಷಯ ತಿಳಿದ ಮೇಲೆ ಎರಡು ಕೋಣೆ ಒಂದಾಯಿತು. ಒಂದು ಸ್ಟೌ ಬಂತು. ಬೆಳಿಗ್ಗೆ ಓಟ್ಸ್ ಗಂಜಿ, ಕೋಕೋ, ಮಧ್ಯಾಹ್ನ ಹೊರಗೆ, ರಾತ್ರಿ ಮತ್ತೆ ಬ್ರೆಡ್ಡು, ಕೋಕೋ. ದಿನಕ್ಕೆ ಎಂಟು ಹತ್ತು ಮೈಲಿ ನಡೆದು ಗಾಡಿ ಖರ್ಚು ಉಳಿಸಿದರು. ಹೀಗೆ ದಿನಕ್ಕೆ ಒಂದು ಶಿಲಿಂಗ್ ಮೂರು ಪೆನ್ಸಿನಲ್ಲಿ ಬದುಕಿದೆ ಎನ್ನುತ್ತಾರೆ ಆತ್ಮಕಥೆಯಲ್ಲಿ. ಮುಂದೆ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಲಂಡನ್ನಿಗೆ ಹೋಗುವ ಭಾರತೀಯರಿಗಾಗಿ ಒಂದು ಕೈಪಿಡಿಯನ್ನೇ ಬರೆದರು. ಅವರಿದ್ದಾಗ ಅದು ಅಚ್ಚಾಗಲಿಲ್ಲ. ವಾರಕ್ಕೆ ಒಂದು ಪೌಂಡಿನಲ್ಲಿ ಅಲ್ಲಿ ಚೆನ್ನಾಗಿಯೇ ಬದುಕಬಹುದು ಎಂಬುದು ಅದರ ವಾದ.

ಹಾಗಾದರೆ ತಿಂಗಳಿಗೆ ನಾಲ್ಕು ಪೌಂಡು ಚಿಲ್ಲರೆ. ಅಂಬೇಡ್ಕರ್ ಅವರ ಕೈಯಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಕಾಗದದ ಮೇಲೆ ನೋಡಿದರೆ ಕೊರತೆ ಎಲ್ಲಿದೆ?

ಊರು ಬೇರೆ, ಕಾಲು ಶತಮಾನದ ಅಂತರ ಬೇರೆ ಎನ್ನುವುದು ಸುಲಭದ ಉತ್ತರ. ನನಗೆ ಮುಖ್ಯವಾಗಿ ಕಾಣುವುದು ಒಂದು ಬಾಬ್ತು. ಗಾಂಧಿಯವರು ಹೇಳುವ ಖರ್ಚುಗಳಲ್ಲಿ ‘ಮನೆಗೆ’ ಎಂಬ ಬಾಬ್ತೇ ಇಲ್ಲ. ರಾಜಕೋಟೆಯಲ್ಲಿದ್ದ ಹೆಂಡತಿ ಮಗುವನ್ನು ಅಣ್ಣ ನೋಡಿಕೊಳ್ಳುತ್ತಿದ್ದರು. ಲಂಡನ್ನಿಗೆ ಹಣ ಕಳಿಸುತ್ತಿದ್ದವರೂ ಅವರೇ. ಅಂಬೇಡ್ಕರ್ ಅವರ ಹನ್ನೊಂದೂವರೆ ಪೌಂಡಿನಲ್ಲಿ ಮುಂಬಯಿಯ ಸಂಸಾರಕ್ಕೂ ಪಾಲಿತ್ತು. ಫೆಲೋಶಿಪ್ ಬಂದ ದಿನವೇ ಊರಿಗೆ ಹಣ ಕಳಿಸಿ ಉಳಿದದ್ದರಲ್ಲಿ ತಿಂಗಳು ದೂಡುವ ಸಂಶೋಧನಾರ್ಥಿಗಳಿಗೆ ಈ ಬಾಬ್ತಿನ ತೂಕ ಗೊತ್ತು, ನನಗೂ. ಗಾಂಧಿಯವರದು ಪ್ರಯೋಗ, ಬೇಡವೆನಿಸಿದರೆ ಹಿಂದಿರುಗಲು ದಾರಿಯಿತ್ತು. ಕೈಪಿಡಿಯ ‘ಬದುಕಬಹುದು’ ಎಂಬ ಮಾತಿನ ಬೆನ್ನಿಗೆ ಒಬ್ಬ ಅಣ್ಣನಿದ್ದಾನೆ. ಇಷ್ಟರಲ್ಲೂ ಅಂಬೇಡ್ಕರ್ ನ್ಯೂಯಾರ್ಕಿನಲ್ಲಿ ಸುಮಾರು 2000 ಹಳೆಯ ಪುಸ್ತಕ ಕೊಂಡರೆಂದು ಧನಂಜಯ ಕೀರ್ ಬರೆಯುತ್ತಾರೆ. ಆ ದುಡ್ಡು ಬಂದದ್ದು ಹೊಟ್ಟೆಯಿಂದಲೇ ಇರಬೇಕು.

1920ರಲ್ಲಿ ಅವರು ಲಂಡನ್ನಿಗೆ ಎರಡನೆಯ ಸಲ ಹೋದಾಗ ವಿದ್ಯಾರ್ಥಿವೇತನವೂ ಇರಲಿಲ್ಲ. ಸಿಡೆನ್‌ಹ್ಯಾಮ್ ಕಾಲೇಜಿನ 450 ರೂಪಾಯಿ ಸಂಬಳದಲ್ಲಿ ಉಳಿಸಿದ್ದು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಇಷ್ಟೇ. ಯುದ್ಧದ ನಂತರದ ಲಂಡನ್ನಿನಲ್ಲಿ ಜೀವನವೆಚ್ಚ 1914ರ ಎರಡೂವರೆ ಪಟ್ಟನ್ನು ದಾಟಿತ್ತು. ಬೆಳಿಗ್ಗೆ ಒಂದು ತುಂಡು ಬ್ರೆಡ್ಡು, ಒಂದು ಕಪ್ ಬೋವ್ರಿಲ್. ಆಮೇಲೆ ಸಂಜೆಯವರೆಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯ. ರಾತ್ರಿ ಹಸಿವಾದರೆ ಪರಿಚಿತರೊಬ್ಬರು ಕೊಟ್ಟಿದ್ದ ಹಪ್ಪಳ.

ಇದರ ಮೇಲೆ ರೂಪಾಯಿಯ ಪೆಟ್ಟು. 1920ರಲ್ಲಿ ಸರ್ಕಾರ ರೂಪಾಯಿಗೆ ಎರಡು ಶಿಲಿಂಗ್ ಎಂದು ದರ ಕಟ್ಟಿತು. ಮಾರುಕಟ್ಟೆ ಕೇಳಲಿಲ್ಲ, 1921ರ ಹೊತ್ತಿಗೆ ಅದು ಒಂದು ಶಿಲಿಂಗ್ ನಾಲ್ಕು ಪೆನ್ಸಿಗಿಂತ ಕೆಳಗೆ ಬಿತ್ತು. ಅಂದರೆ ಲಂಡನ್ನಿನಲ್ಲಿ ಹತ್ತು ಪೌಂಡು ಕೈಗೆ ಸಿಗಲು ಮನೆಯವರು 100 ರೂಪಾಯಿ ಕಳಿಸಿದರೆ ಸಾಕಿದ್ದದ್ದು 150 ದಾಟಿತು. ಕೋಕೋ ಬಿಟ್ಟರೂ, ನಡೆದೇ ಹೋದರೂ, ಈ ಸೋರಿಕೆಯನ್ನು ಯಾವ ವಿದ್ಯಾರ್ಥಿಯೂ ತಡೆಯಲಾರ.

ಅಂಬೇಡ್ಕರ್ ಆಗ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಬರೆಯುತ್ತಿದ್ದ ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆಯೇ. ಬೆಳ್ಳಿಯ ರೂಪಾಯಿ ಹೇಗೆ ಕುಸಿಯಿತು, ಸರ್ಕಾರ ಅದನ್ನು ಪೌಂಡಿಗೆ ಹೇಗೆ ಕಟ್ಟಿಹಾಕಿತು, ಆ ವ್ಯವಸ್ಥೆ ಏಕೆ ನಿಲ್ಲಲಾರದು ಎಂದು ಅದರಲ್ಲಿ ವಾದಿಸಿದ್ದಾರೆ. 1923ರಲ್ಲಿ ಪರೀಕ್ಷಕರು ಅದನ್ನು ತಿದ್ದಿ ಬರೆಯಲು ಹೇಳಿದರು. ಅಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿದಿತ್ತು. ಅವರು ಹಡಗು ಹತ್ತಿ ಮುಂಬಯಿಗೆ ಬಂದು, ತಿದ್ದಿದ ಪ್ರತಿಯನ್ನು ಅಲ್ಲಿಂದ ಲಂಡನ್ನಿಗೆ ಕಳಿಸಿದರು.