ಒಂದು ಕಾರ್ಡು, ಎರಡು ತಾರೀಖು

ಹಳೇ ಕಾಗದದ ಸರಣಿ. ಈ ಸಲ ಸ್ವಾಮಿ ವಿವೇಕಾನಂದರ ಬದುಕು ತೋರಿಸೋ ಚಿತ್ರದ ಕಾರ್ಡುಗಳು. ಸ್ವೈಪ್ ಮಾಡ್ತಾ ಓದಿ 👉

1/7
ಪೇಟ ಸುತ್ತಿ, ಕೈ ಕಟ್ಟಿ ನಿಂತ ವಿವೇಕಾನಂದರ ಚಿತ್ರ ಇಲ್ಲದ ಶಾಲೆ ನಮ್ಮ ಕಡೆ ಇದೆಯಾ? ಜನವರಿ 12 ಬಂತು ಅಂದ್ರೆ ಅದಕ್ಕೊಂದು ಹಾರ, ನಮಗೊಂದು ಭಾಷಣ ಸ್ಪರ್ಧೆ. ಅದೇ ಚಿತ್ರ ಕಾರ್ಡಾಗಿ ಆಶ್ರಮದ ಪುಸ್ತಕದಂಗಡಿಯಲ್ಲೂ ಸಿಗುತ್ತೆ, ಅಜ್ಜನ ಟ್ರಂಕಿನಲ್ಲೂ ಸಿಗುತ್ತೆ. ಹಳೇದು ಕಂಡ ತಕ್ಷಣ "1893ರ ಒರಿಜಿನಲ್" ಅಂತ ಸ್ಟೋರಿ ಹಾಕೋರು ತುಂಬಾ ಜನ. ಚಿತ್ರ 1893ರದ್ದು, ಸರಿ. ಆದ್ರೆ ಕಾರ್ಡು ಯಾವಾಗಿನದು? ಚಿತ್ರ ತೆಗೆದ ತಾರೀಖು ಬೇರೆ, ಕಾರ್ಡು ಅಚ್ಚಾದ ತಾರೀಖು ಬೇರೆ. ಸಂಗ್ರಹ ಮಾಡೋರು ಮೊದಲು ಕಲೀಬೇಕಾದ್ದು ಇದನ್ನೇ.

2/7
ಮೊದಲು ಚಿತ್ರಗಳ ಕಥೆ. ಗುರು ರಾಮಕೃಷ್ಣ ಪರಮಹಂಸರು ಬದುಕಿದ್ದಾಗ ತೆಗೆದದ್ದು ಅಂತ ನಮಗೆ ಉಳಿದಿರೋದು ಮೂರೇ ಫೋಟೊ. ಶಿಷ್ಯರದ್ದು ಹಾಗಲ್ಲ. 1863ರಲ್ಲಿ ಹುಟ್ಟಿ 39 ವರ್ಷ ಬದುಕಿದ ಅವರ ಫೋಟೊಗಳನ್ನ ಸಾಲಾಗಿ ಜೋಡಿಸಿದ್ರೆ ಅರ್ಧ ಜೀವನಚರಿತ್ರೆನೇ ಆಗುತ್ತೆ.

ಆ ಸಾಲಿನಲ್ಲಿ ನಮ್ಮ ಕರ್ನಾಟಕಕ್ಕೂ ಒಂದು ಜಾಗ ಇದೆ. 1892ರ ಅಕ್ಟೋಬರ್‌ನಲ್ಲಿ ಅವರು ಬೆಳಗಾವಿಗೆ ಬಂದ್ರು. ಆಗ ಅದು ಬೊಂಬಾಯಿ ಪ್ರಾಂತ್ಯದ ಊರು. ಮೊದಲು ಭಾಟೆ ಅನ್ನೋ ವಕೀಲರ ಮನೆ, ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆ. ಅಲ್ಲಿನ ಎಸ್. ಮಹಾದೇವ್ ಅಂಡ್ ಸನ್ ಸ್ಟುಡಿಯೊದಲ್ಲಿ ಅವರ ಫೋಟೊ ತೆಗೆದರು. ಇನ್ನೂ ಯಾರಿಗೂ ಗೊತ್ತಿಲ್ಲದ, ಊರೂರು ಅಲೆಯೋ ಸನ್ಯಾಸಿಯ ಮುಖ ಅದು. ಅಲ್ಲಿಂದ ಗೋವಾ, ಬೆಂಗಳೂರು, ಮೈಸೂರು ದಾಟಿ ಆ ಡಿಸೆಂಬರ್‌ಗೆ ಕನ್ಯಾಕುಮಾರಿ. ಬೆಳಗಾವಿಯ ಫೋಟೊ ಆಗಿ ಹನ್ನೊಂದು ತಿಂಗಳಿಗೆ ಶಿಕಾಗೊ!

3/7
ಶಿಕಾಗೊ ಸರ್ವಧರ್ಮ ಸಮ್ಮೇಳನ ನಡೆದದ್ದು 1893ರ ಸೆಪ್ಟೆಂಬರ್ 11ರಿಂದ 27. ಆಗ ಥಾಮಸ್ ಹ್ಯಾರಿಸನ್ ಅನ್ನೋ ಸ್ಟುಡಿಯೊದವರು ಬೇರೆ ಬೇರೆ ಭಂಗಿಗಳಲ್ಲಿ ಅವರ ಫೋಟೊ ತೆಗೆದರು. ಗೋಸ್ ಲಿಥೋಗ್ರಾಫಿಂಗ್ ಕಂಪನಿ ಕೈ ಕಟ್ಟಿದ ಭಂಗಿಯನ್ನ ಬಣ್ಣದ ಪೋಸ್ಟರ್ ಮಾಡಿತು. ನಮ್ಮ ಶಾಲೆ ಗೋಡೆಯ ಚಿತ್ರಕ್ಕೆ ಮೂಲ ಅಲ್ಲೇ.

ಆದ್ರೆ ಹ್ಯಾರಿಸನ್ ಕೊಟ್ಟದ್ದು ಪೋಸ್ಟ್‌ಕಾರ್ಡ್ ಅಲ್ಲ, ಕ್ಯಾಬಿನೆಟ್ ಕಾರ್ಡ್. ಅಂದ್ರೆ ದಪ್ಪ ರಟ್ಟಿಗೆ ಅಂಟಿಸಿದ ಫೋಟೊ, ಕೆಳಗೆ ಸ್ಟುಡಿಯೊ ಹೆಸರು. ಕೈಯಲ್ಲಿ ಕೊಡೋಕೆ, ಸಹಿ ಹಾಕೋಕೆ, ಆಲ್ಬಮ್ಮಿನಲ್ಲಿ ಇಡೋಕೆ ಮಾಡಿದ್ದು. ಅದೇ ವರ್ಷ ಶಿಕಾಗೊದ ವಿಶ್ವ ಮೇಳದಲ್ಲಿ ಚಾರ್ಲ್ಸ್ ಗೋಲ್ಡ್‌ಸ್ಮಿತ್ ಅನ್ನೋರು ಚಿತ್ರದ ಅಂಚೆ ಕಾರ್ಡುಗಳನ್ನ ಮಾರಿದ್ರು. ಅದ್ರಲ್ಲಿ ಇದ್ದದ್ದು ಮೇಳದ ಕಟ್ಟಡಗಳು.

4/7
ಈಗ ಕಾರ್ಡು ತಿರುಗಿಸಿ. ಹಿಂದೆ ನಡುವೆ ಒಂದು ಗೆರೆ ಇದೆಯಾ? ಎಡಕ್ಕೆ ಕಾಗದ, ಬಲಕ್ಕೆ ವಿಳಾಸ?

ಮೊದಲೆಲ್ಲ ಆ ಬದಿಗೆ ವಿಳಾಸ ಮಾತ್ರ ಬರೀಬೇಕಿತ್ತು. ಹೇಳೋ ಮಾತು ಚಿತ್ರದ ಪಕ್ಕದ ಖಾಲಿ ಜಾಗಕ್ಕೆ. ನಡುಗೆರೆಗೆ ಬ್ರಿಟನ್ ಒಪ್ಪಿದ್ದು 1902ರಲ್ಲಿ, ಅಮೆರಿಕ 1907ರಲ್ಲಿ. ವಿವೇಕಾನಂದರು ತೀರಿಕೊಂಡದ್ದು 1902ರ ಜುಲೈ 4. ಲೆಕ್ಕ ನೀವೇ ಹಾಕಿ. ನಡುಗೆರೆ ಇರೋ ಕಾರ್ಡು 1893ರದ್ದಾಗೋಕೆ ಸಾಧ್ಯವೇ ಇಲ್ಲ. ಅಂಥವು ಹೆಚ್ಚುಕಡಿಮೆ ಎಲ್ಲವೂ ಅವರು ಹೋದ ಮೇಲಿನವು.

5/7
ನಮ್ಮ ಊರಿನ ಟ್ರಂಕುಗಳಲ್ಲಿ, ಕಾಗದ ಚುಚ್ಚೋ ತಂತಿಗಳಲ್ಲಿ ಸಿಗೋ ಕಾರ್ಡುಗಳಿಗೆ ಬೇರೆ ಗುರುತುಗಳಿವೆ. ಸೇವ್ ಮಾಡ್ಕೊಳ್ಳಿ:

▪️ ಸ್ಟ್ಯಾಂಪಿನ ಬೆಲೆ ಆಣೆಯಲ್ಲಿದ್ರೆ ಅದು 1957ಕ್ಕೆ ಮೊದಲು ಅಚ್ಚಾದ ಸ್ಟ್ಯಾಂಪು. "ನಯೇ ಪೈಸೆ" ಇದ್ರೆ ಆಮೇಲಿನದು. ವಿವೇಕಾನಂದರ ಜನ್ಮಶತಾಬ್ದಿಯ 1963ರ ಸ್ಟ್ಯಾಂಪು 15 ನಯೇ ಪೈಸೆಯದ್ದು.
▪️ ವಿಳಾಸದಲ್ಲಿ ಪಿನ್ ಕೋಡ್ ಇದ್ರೆ 1972ರ ಆಗಸ್ಟ್ 15ರ ಈಚೆಗೆ.
▪️ "ಮೈಸೂರು ರಾಜ್ಯ" ಅಂತಿದ್ರೆ 1973ರ ನವೆಂಬರ್ 1ರ ಹಿಂದೆ.
▪️ "ಮು॥ ಪೋ॥ ಉಬ್ರಾಣಿ, ಚನ್ನಗಿರಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ" ಅಂತಿದ್ರೆ 1997ರ ಹಿಂದೆ. ನಾವು ದಾವಣಗೆರೆ ಜಿಲ್ಲೆಗೆ ಸೇರಿದ್ದೇ ಆ ವರ್ಷ.

ಒಂದು ಎಚ್ಚರ: ಹಿರಿಯರು ರೂಢಿಯಿಂದ ಹಳೇ ಹೆಸರನ್ನೇ ಬರೀತಾ ಇರ್ತಾರೆ. ಅದಕ್ಕೇ ಕೊನೇ ತೀರ್ಪು ಅಂಚೆ ಮುದ್ರೆಯದ್ದು.

6/7
"ಹಂಗಾದ್ರೆ ನಮ್ಮನೆ ಕಾರ್ಡಿಗೆ ಬೆಲೆ ಇಲ್ವಾ?" ಇದೆ, ಖಂಡಿತ ಇದೆ. ಅದು ವಿವೇಕಾನಂದರು ಹೇಗಿದ್ರು ಅನ್ನೋದಕ್ಕೆ ಸಾಕ್ಷಿ ಅಲ್ಲ, ನಮ್ಮೋರು ಅವರನ್ನ ಹೇಗೆ ನೆನಪಿಟ್ಕೊಂಡ್ರು ಅನ್ನೋದಕ್ಕೆ ಸಾಕ್ಷಿ. ಮಳೆ, ಅಡಿಕೆ ರೇಟು, ಮದುವೆ ಮಾತು ಬರೆಯೋಕೆ ಯಾರೋ ಈ ಮುಖದ ಕಾರ್ಡನ್ನೇ ಆರಿಸಿದ್ರಲ್ಲ, ಅದೂ ಇತಿಹಾಸನೇ.

ಎರಡನ್ನೂ ಕಲಸಿಬಿಟ್ರೆ ಮಾತ್ರ ಕಷ್ಟ. "ಶಿಕಾಗೊ ಭಾಷಣದ ನಿಜವಾದ ಧ್ವನಿ" ಅಂತ ಫಾರ್ವರ್ಡ್ ಬರುತ್ತಲ್ಲ, ಅದು ಅವರ ಧ್ವನಿ ಅಲ್ಲ. ಆ ಭಾಷಣದ ಧ್ವನಿಮುದ್ರಣವೇ ಇಲ್ಲ. 1892ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರು ಅವರ ಧ್ವನಿಯನ್ನ ಫೋನೋಗ್ರಾಫಿನಲ್ಲಿ ಹಿಡಿಸಿದ್ರು ಅಂತ ಅವರ ಜೀವನಚರಿತ್ರೆ ಹೇಳುತ್ತೆ. ಅದೂ ಸವೆದು ಕೇಳದಂತಾಯ್ತು. ಇಲ್ಲದ್ದನ್ನ ಇದೆ ಅಂತ ಹಂಚೋ ಭಕ್ತಿಗಿಂತ, ಇರೋದನ್ನ ಸರಿಯಾಗಿ ಓದೋ ಗೌರವ ದೊಡ್ಡದು.

7/7
ಮನೆಯಲ್ಲಿ ಕಾರ್ಡು ಸಿಕ್ರೆ:
✔️ ಎರಡೂ ಬದಿ ಫೋಟೊ ತೆಗೀರಿ. ಇತಿಹಾಸ ಇರೋದೇ ಹಿಂದೆ.
✔️ ಪೋಸ್ಟ್ ಮಾಡೋ ಮುಂಚೆ ಹೆಸರು, ವಿಳಾಸ ಮುಚ್ಚಿ. ಅದು ಯಾರದ್ದೋ ಖಾಸಗಿ ಕಾಗದ.
❌ ಸ್ಟ್ಯಾಂಪು ಕೀಳಬೇಡಿ, ಮುದ್ರೆ ಹರಿದ್ರೆ ತಾರೀಖೂ ಹೋಯ್ತು.
❌ ಲ್ಯಾಮಿನೇಷನ್ ಬೇಡವೇ ಬೇಡ. ಒಮ್ಮೆ ಮಾಡಿದ್ರೆ ತೆಗೆಯೋಕಾಗಲ್ಲ.
✔️ ಯಾರ ಮನೆಯದು, ಯಾರು ಕೊಟ್ರು ಅನ್ನೋದನ್ನ ಬೇರೆ ಚೀಟಿಯಲ್ಲಿ ಬರೆದಿಡಿ.

ಮನೆ ಸುಣ್ಣ ಹೊಡೆಯೋವಾಗ ಹಳೇ ಕಾಗದದ ಕಟ್ಟು ಗುಜರಿಗೋ ಒಲೆಗೋ ಹೋಗುತ್ತೆ. ಈ ವಾರವೇ ಅಜ್ಜಿ ಹತ್ರ ಒಂದು ಸಲ ಕೇಳಿ. ಸಿಕ್ಕಿದ್ದರ ಹಿಂಬದಿ ಏನು ಹೇಳುತ್ತೆ ಅಂತ ಕಾಮೆಂಟಲ್ಲಿ ಬರೀರಿ, ತಾರೀಖು ಸೇರಿಯೇ ಹುಡುಕೋಣ.

#ಹಳೇಕಾಗದ #ಉಬ್ರಾಣಿ #ಚನ್ನಗಿರಿ #ಕನ್ನಡದಲ್ಲಿಇತಿಹಾಸ