ಎರೆಭೂತನ ಬಯಲು

ಹರಪನಹಳ್ಳಿ ಸೀಮೆಯ ಚಿಗಟೇರಿಯಿಂದ ಪಡುವಣಕ್ಕೆ ಹೋಗಿ ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರಿನ ಬಯಲು. ಹಿಂದೆ ಅಲ್ಲಿ ಎರೆಭೂತವೆಂಬ ಹೆಬ್ಬಕ್ಕಿ ಸಂಚರಿಸುತ್ತಿತ್ತು. ಅದು ಮರದಲ್ಲಿ ಗೂಡು ಕಟ್ಟದು. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಆದ್ದರಿಂದ ತೆರೆದ ಹುಲ್ಲುಗಾವಲೇ ಅದರ ಮನೆ.

1974ರಲ್ಲಿ ಸರ್ಕಾರವು ಇಲ್ಲಿಯ 119 ಚದರ ಕಿಲೋಮೀಟರು ನೆಲವನ್ನು ಕೃಷ್ಣಮೃಗಗಳ ಅಭಯಾರಣ್ಯವೆಂದು ಸಾರಿತು. ಕೃಷ್ಣಮೃಗ ಉಳಿಯಿತು. ಆದರೆ ಆ ನೆಲದ ಬಹುಭಾಗವನ್ನು ನೀಲಗಿರಿ ತೋಪುಗಳು ಆವರಿಸಿದವು. ಮರ ನೆಟ್ಟರೆ ಕಾಡಾಯಿತೆಂದು ಹಿಗ್ಗುವವರಿಗೆ ಹುಲ್ಲು ಬರಿಯ ಬೀಳಾಗಿ ತೋರುತ್ತದೆ. ಎರೆಭೂತ ಅಲ್ಲಿಂದ ಕಣ್ಮರೆಯಾಯಿತು. ಕರ್ನಾಟಕದಲ್ಲಿ ಅದಕ್ಕಿನ್ನು ಉಳಿದಿರುವ ಆಸರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ಎರೆಭೂಮಿ.

ಹಕ್ಕಿಯನ್ನು ಕಾಯುವುದೆಂದರೆ ಅದರ ನೆಲವನ್ನು ಕಾಯುವುದು. ನಮ್ಮೂರ ಗೋಮಾಳವನ್ನು ಬೀಳೆನ್ನುವ ಮೊದಲು ಅಲ್ಲಿ ಬಾಳುವವರಾರೆಂದು ನೋಡಬೇಡವೇ?